ಹೋಲಿಕೆಗೆಂದು ಒಯ್ದ ಸೊಪ್ಪು

ಮಾರ್ಚ್ ೧೧, ಮಂಗಳವಾರ

ಸೀಸದ ವಿಷ ಹೆಚ್ಚಿರುವುದು ನಮ್ಮ ಮನೆಯ ಸೊಪ್ಪಿನಲ್ಲೇ. ಬೆಳಗಿನಿಂದ ಅದೊಂದೇ ತಲೆ ಕೊರೆಯುತ್ತಿದೆ.

ಕಾರ್ಖಾನೆ ಪಕ್ಕದ ಹೊಲದ ಪಾಲಕ್ ನಾನು ಕೆಲಸ ಮಾಡುವ ಲ್ಯಾಬಿಗೆ ಪರೀಕ್ಷೆಗೆ ಬಂದಾಗ, ಹೋಲಿಸಿ ನೋಡಲು ಶುದ್ಧವಾದದ್ದೊಂದು ಬೇಕಿತ್ತು. ಅತ್ತೆ ಹಿತ್ತಿಲಲ್ಲಿ ಬೆಳೆದದ್ದನ್ನು ನಾನೇ ಜಂಬದಿಂದ ಲ್ಯಾಬಿಗೆ ಒಯ್ದಿದ್ದೆ, ಗೊಬ್ಬರದಂಗಡಿಯ ಮುಖ ನೋಡದ ಸೊಪ್ಪು ಎಂದು. ಇವತ್ತು ಫಲಿತಾಂಶ ನೋಡಿ ನಮ್ಮ ಲ್ಯಾಬಿನ ಮೇಡಂ ನಕ್ಕುಬಿಟ್ಟರು. "ಎಲ್ಲಿಂದ ತಂದ್ರಿ ಇದನ್ನ? ಕಾರ್ಖಾನೆ ಸೊಪ್ಪೇ ವಾಸಿ ಅಲ್ರೀ!"

ಮಾರ್ಕೆಟ್ಟಿಂದ ಎಂದುಬಿಟ್ಟೆ. ಯಾಕೆ ಹಾಗಂದೆನೋ.

ಮನೆಗೆ ಬಂದವಳೇ ಅತ್ತೆಯನ್ನು ಕೇಳಿದೆ, ನಾವು ಈ ಮನೆ ಕೊಳ್ಳುವ ಮೊದಲು ಹಿತ್ತಿಲಲ್ಲಿ ಏನಿತ್ತು ಎಂದು.

"ಯಾರೋ ಹಳೇ ಬ್ಯಾಟರಿ ಒಡೀತಿದ್ರಂತೆ. ಅದಕ್ಕೇನೀಗ?"

ಬ್ಯಾಟರಿಯೊಳಗಿನ ಸೀಸ ಮಣ್ಣಿಗಿಳಿದು ಸೊಪ್ಪಿಗೂ ಬಂದಿದೆ ಎಂದು ಹೇಳಿದೆ. ಕೈಯಲ್ಲಿದ್ದ ಸೊಪ್ಪಿನ ಕಟ್ಟನ್ನು ಅವರು ಕೆಳಗಿಡಲಿಲ್ಲ. "ಮೂರು ನೀರಲ್ಲಿ ತೊಳೀತೀನಲ್ಲಮ್ಮ!"

"ಅದು ಎಲೆ ಮೇಲಿಲ್ಲ ಅತ್ತೆ. ಬೇರು ಮಣ್ಣಿಂದ ಎಳ್ಕೊಂಡು ಎಲೆ ಒಳಗೇ ತುಂಬಿದೆ. ತೊಳೆದ್ರೆ ಹೋಗಲ್ಲ."

ಅವರು ಕಟ್ಟಿನಿಂದ ಒಂದು ಎಲೆ ಎಳೆದು ಮಗುಚಿ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ ಅಂದರು, "ಮಗೂಗೆ ಅಂತ ಎಳೇ ಎಲೆ ಆರಿಸಿ ಆರಿಸಿ ಹಾಕ್ತಿದ್ದೆ."

ನಾಳೆ ಮಗಳನ್ನು ರಕ್ತಪರೀಕ್ಷೆಗೆ ಕರೆದೊಯ್ಯಬೇಕು. ಚುಚ್ಚುತ್ತಾರಾ ಎಂದು ಅತ್ತು, ಈಗಷ್ಟೇ ಮಲಗಿದ್ದಾಳೆ.

ಅಡುಗೆಮನೆಯಲ್ಲಿ ನಲ್ಲಿಯ ಸದ್ದು ಇನ್ನೂ ನಿಂತಿಲ್ಲ. ಅತ್ತೆ ಅದೇ ಕಟ್ಟನ್ನು ತೊಳೆಯುತ್ತಿದ್ದಾರೆ. ಎದ್ದು ಹೋಗಿ ಸಾಕು ಎನ್ನಬೇಕು. ಆದರೆ ತೊಳೆಯುವುದನ್ನೂ ಬಿಡಿಸಿದರೆ ಇವತ್ತು ಆ ಕೈಗಳಿಗೆ ಬೇರೆ ಏನು ಕೆಲಸ ಉಳಿಯುತ್ತದೆ?