ಬರಿ ಅಂಗೈ ನೋಡುವ ಕೂಸು

ಹೂವಿನ ಹಿಪ್ಪರಗಿ
ಶ್ರಾವಣದ ಎರಡನೇ ಗುರುವಾರ, ೧೯೬೧

ಚಿರಂಜೀವಿ ತಂಗಿ ರುಕ್ಮವ್ವನಿಗೆ,

ನಿನ್ನ ಅಕ್ಕ ಶಂಕ್ರೆವ್ವ ಮಾಡುವ ಆಶೀರ್ವಾದಗಳು. ಇದರ ಮುಂದೆ ‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ಬರೆಯಬೇಕು. ಮುಲ್ಕಿ ಪರೀಕ್ಷೆಗೆ ನಮಗೆ ಪತ್ರ ಬರೆಯುವುದನ್ನು ಕಲಿಸಿದ ಮಾಸ್ತರರು ಆ ಸಾಲು ಬಿಟ್ಟರೆ ಎರಡು ಮಾರ್ಕು ಕಳೆಯುತ್ತಿದ್ದರು. ಕಳೆಯಲಿ. ಈ ಸಲ ಬಿಟ್ಟಿದ್ದೇನೆ.

ಈ ಪತ್ರವನ್ನು ನಾನು ಟಪಾಲಿಗೆ ಹಾಕುವುದಿಲ್ಲ. ಹಾಕಿದರೆ ನಿನಗಿಂತ ಮೊದಲು ನಿಮ್ಮ ಮಾವನವರು ಒಡೆಯುತ್ತಾರೆ. ನಮ್ಮ ಮನೆಯಲ್ಲೂ ಅದೇ ಪದ್ಧತಿ. ಸೊಸೆಯರ ಪತ್ರ ಊರ ಬಾವಿಯಿದ್ದಂತೆ, ಯಾರು ಬೇಕಾದರೂ ಹಗ್ಗ ಬಿಡಬಹುದು. ಬಳೆ ಮಾರುವ ಇಮಾಮಬಿ ಇವತ್ತು ಸಂಜೆ ಇಂಡಿ ಊರಿನಲ್ಲಿರುವ ಮಗಳ ಮನೆಗೆ ಹೊರಟಿದ್ದಾಳೆ. ನಾಳೆ ನಿಮ್ಮ ಸಾಲೋಟಗಿಗೆ ಬಂದು ನಿನಗೆ ಬಳೆ ಇಡಿಸುವಾಗ ಇದನ್ನು ಕೊಡುತ್ತಾಳೆ. ಓದಿ ಒಲೆಗೆ ಹಾಕಿಬಿಡು. ನಾನು ಕಾಳಿನ ಕೋಣೆಯಲ್ಲಿ ಜೋಳ ಹಸನು ಮಾಡುವ ನೆಪದಲ್ಲಿ ಕೂತು ಬರೆಯುತ್ತಿದ್ದೇನೆ. ಮೊರದ ಸದ್ದು ನಿಂತರೆ ಅತ್ತೆ ಲಕ್ಕವ್ವನವರು ಬಾಗಿಲಿಗೆ ಬರುತ್ತಾರೆ, ಅದಕ್ಕಾಗಿ ನಾಲ್ಕು ಸಾಲಿಗೊಮ್ಮೆ ಮೊರ ಹಿಡಿದು ಕೇರುತ್ತೇನೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ, ನಿನ್ನ ಅಕ್ಷರಕ್ಕಿಂತ ಈಗಲೂ ವಾಸಿ.

ನಿನ್ನ ಕಾರ್ಡು ಮೊನ್ನೆ ಬಂತು. ಮನೆಯವರು ಅದನ್ನು ಪಡಸಾಲೆಯಲ್ಲಿ ಕೂತ ಭಕ್ತರ ಮುಂದೆ ಗಟ್ಟಿಯಾಗಿ ಓದಿದರು. ‘ನಮ್ಮ ಗುರಪಾದನಿಗೆ ಹನ್ನೊಂದು ತಿಂಗಳಾಯಿತು. ಬಲು ಶಾಂತ ಕೂಸು, ಎತ್ತಿಕೊಳ್ಳೆಂದು ಅಳುವುದೇ ಇಲ್ಲ. ನಿಮ್ಮ ಶ್ರೀಶೈಲನ ಹಾಗೆಯೇ ತನ್ನ ಅಂಗೈ ನೋಡಿಕೊಂಡು ಕೂಡುತ್ತಾನೆ. ಇವನೂ ಶರಣನೇ ಎಂದು ಅತ್ತೆಯವರು ಹೇಳುತ್ತಾರೆ.’ ಕೂತವರೆಲ್ಲ ಕೈಮುಗಿದು ಶರಣು ಶರಣಾರ್ಥಿ ಅಂದರು. ಒಳಗೆ ನನ್ನ ಹಂಚಿನ ಮೇಲಿದ್ದ ರೊಟ್ಟಿ ಕರಕಾಯಿತು.

ರುಕ್ಕಿ, ನೀನು ಹುಟ್ಟಿದಾಗ ನನಗೆ ಎಂಟು ವರ್ಷ. ಸಿಂದಗಿಯ ಮನೆಯಲ್ಲಿ ಅವ್ವ ಹೊಲಕ್ಕೆ ಹೋದರೆ ನಿನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು. ಸೆರಗಿನಲ್ಲಿ ಮುಖ ಮುಚ್ಚಿ ತೆಗೆದರೆ ಕೇಕೆ ಹಾಕುತ್ತಿದ್ದೆ, ತೆಗೆಯುವುದು ತಡವಾದರೆ ತುಟಿ ಮುಂದೆ ಮಾಡಿ ಅಳುತ್ತಿದ್ದೆ. ಕಟ್ಟೆಯ ಮೇಲೆ ಕಾಗೆ ಕೂತರೆ ಕಾಗೆಯನ್ನು ನೋಡಿ, ನಾನು ನೋಡಿದೆನೋ ಇಲ್ಲವೋ ಎಂದು ತಿರುಗಿ ನನ್ನ ಮುಖ ನೋಡುತ್ತಿದ್ದೆ. ಬೆನ್ನ ಹಿಂದಿನಿಂದ ‘ರುಕ್ಕಿ’ ಎಂದರೆ ಸಾಕು, ಬಾಯಲ್ಲಿದ್ದ ಮಣ್ಣಿನ ಸಮೇತ ಹೊರಳುತ್ತಿದ್ದೆ. ಕೂಸು ಹೇಗಿರುತ್ತದೆ ಎನ್ನುವುದನ್ನು ನಾನು ಕಲಿತದ್ದು ನಿನ್ನಿಂದ. ಅದರಿಂದಲೇ ನನ್ನ ಶ್ರೀಶೈಲ ಹಾಗಿಲ್ಲ ಎನ್ನುವುದು ನನಗೆ ಅವನ ಎಂಟನೇ ತಿಂಗಳಲ್ಲೇ ಹೊಳೆದಿತ್ತು. ಎತ್ತಿಕೊಳ್ಳಲು ಹೋದರೆ ಕೈ ಚಾಚುತ್ತಿರಲಿಲ್ಲ. ಮೊಲೆ ಕುಡಿಯುವಾಗ ನನ್ನ ಮುಖ ಬಿಟ್ಟು ತಾಳಿಯ ಗುಂಡನ್ನು ನೋಡುತ್ತಿದ್ದ. ಹೊಳೆದದ್ದನ್ನು ನಾನು ಯಾರಿಗೂ ಹೇಳಲಿಲ್ಲ, ನಿನಗೂ ಹೇಳಲಿಲ್ಲ.

ಬಾಯಿ ಬಿಟ್ಟು ಹೇಳಿದವಳು ಇಮಾಮಬಿ. ಅವನಿಗೆ ವರ್ಷ ತುಂಬುವ ಹೊತ್ತಿಗೆ ದೃಷ್ಟಿಯಾಗಬಾರದೆಂದು ಕರಿ ಬಳೆ ಇಡಿಸಲು ಕರೆಸಿದ್ದೆ. ಕೈ ಹಿಂಡಿ ಬಳೆ ಏರಿಸುವಾಗ ನೋವಾಗಿ ಚೀರಿದ. ಇಮಾಮಬಿ ಕೈ ಬಿಡದೆ ಅವನ ಮುಖವನ್ನೇ ನೋಡಿದಳು. ಮೂರು ಸಲ ಹೆಸರು ಹಿಡಿದು ಕರೆದಳು, ಹೊರಳಲಿಲ್ಲ. ಆಮೇಲೆ ಅವನ ಬೆನ್ನ ಹಿಂದೆ ಬಳೆಯ ಗೊಂಚಲು ಅಲ್ಲಾಡಿಸಿದಳು. ಅದಕ್ಕೆ ತಟ್ಟನೆ ಹೊರಳಿದ.

“ನನ್ನ ಕೈಯಾಗ ಸಾವಿರ ಕೂಸು ಕೈ ಕೊಟ್ಟಾವ್ರಿ ಯವ್ವಾ. ನೋವಾತಂದ್ರ ಕೂಸು ಬಳಿ ನೋಡೂದಿಲ್ಲ, ಅವ್ವನ ಮಾರಿ ನೋಡತೈತಿ. ಇವ ನೋಡಲಿಲ್ಲ. ಕಿವಿ ಛಲೋ ಅದಾವ, ಕಣ್ಣ ಛಲೋ ಅದಾವ. ಮಂದಿ ಕಡೆ ಬರೂ ಹಾದಿ ಅಷ್ಟ ಇನ್ನೂ ಬಿದ್ದಿಲ್ಲ. ಸಣ್ಣಾವ ಇದ್ದಾಗ ಸೊಲ್ಲಾಪುರಕ್ಕರೆ ಕರಕೊಂಡು ಹೋಗಿ ತೋರಸ್ರಿ.”

ನಾನೇನು ಮಾಡಿದೆ ಗೊತ್ತೇ? “ಮಂದಿ ಮಕ್ಕಳಿಗೆ ಕಣ್ಣ ಹಚ್ಚಾಕ ಬಂದೀ ಏನ?” ಎಂದು ಬೈದು ಕಳಿಸಿದೆ. ಆರು ತಿಂಗಳು ಅವಳ ಹತ್ತಿರ ಬಳೆ ಇಡಿಸಿಕೊಳ್ಳಲಿಲ್ಲ. ಅವಳು ಹೇಳಿದ್ದು ನನ್ನೊಳಗಿನ ಮಾತೇ ಆಗಿತ್ತು, ಅದಕ್ಕೇ ಅಷ್ಟು ಸಿಟ್ಟು ಬಂತು.

ಈಗ ನಿನಗೆ ಹೇಳಬೇಕಾದ ಮಾತು. ಶ್ರೀಶೈಲನನ್ನು ಶರಣನೆಂದು ಮೊದಲು ಕಂಡವರು ನಮ್ಮ ಅತ್ತೆ ಎಂದು ನೀನು ತಿಳಿದಿದ್ದೀ. ಊರೆಲ್ಲ ಹಾಗೇ ತಿಳಿದಿದೆ. ಅಲ್ಲ ರುಕ್ಕಿ, ಅದು ನನ್ನ ಬಾಯಿಂದ ಬಂದ ಮಾತು.

ಅವನಿಗೆ ಎರಡು ತುಂಬಿದರೂ ಮಾತಿಲ್ಲ. ಮನೆಯಲ್ಲಿ ಲಗ್ನದ ಮಂದಿ ತುಂಬಿದ್ದರು. ಯಾರೋ “ಮೂಕ ಕೂಸು, ಯಾರ ಪಾಪಾನೋ ಏನೋ” ಅಂದರು. ಅತ್ತೆ ಎಲ್ಲರೆದುರೇ, “ನಮ್ಮ ಬಸಂತರಾಯಗ ಇನ್ನೊಂದು ಲಗ್ನ ಮಾಡೂದ ಸೈ” ಅಂದರು. ಮನೆಯವರು ಅಲ್ಲೇ ನಿಂತಿದ್ದರು, ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಶ್ರೀಶೈಲ ಕಂಬಕ್ಕೆ ಆತು ಕೂತು ಎಡಗೈ ಎತ್ತಿ ಅಂಗೈಯನ್ನೇ ದಿಟ್ಟಿಸುತ್ತಿದ್ದ. ನನ್ನ ತಲೆಗೆ ಏನು ಏರಿತೋ, “ಮೂಕ ಅಲ್ಲರಿ ಅವ! ಅಂಗೈಯಾಗ ಲಿಂಗ ನೋಡಾಕತ್ತಾನ. ಪೂಜಾಕ್ಕ ಕೂತಾವರು ಮಾತಾಡತಾರೇನು?” ಅಂದುಬಿಟ್ಟೆ.

ದಿನಾ ಎಡಗೈಯಲ್ಲಿ ಲಿಂಗ ಹಿಡಿದು ದೃಷ್ಟಿ ಇಡುವ ಮಂದಿ ನಾವು, ಆ ಕೂತ ರೀತಿ ಎಲ್ಲರಿಗೂ ಗೊತ್ತಿದ್ದದ್ದೇ. ಅತ್ತೆ ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟು, ಸೆರಗು ಹೊದ್ದು, ಎರಡು ವರ್ಷದ ಮೊಮ್ಮಗನ ಪಾದಕ್ಕೆ ಹಣೆ ಹಚ್ಚಿದರು. ಇನ್ನೊಂದು ಲಗ್ನದ ಮಾತು ಅಂದಿಗೆ ಮುಗಿಯಿತು. ಗೆದ್ದೆ ಎಂದುಕೊಂಡೆ. ನಿನಗೆ ಸುಳ್ಳು ಹೇಳುವುದಿಲ್ಲ, ಆ ದಿನ ನನಗೆ ಖುಷಿಯಾಗಿತ್ತು.

ಮೂರು ವರ್ಷವಾಯಿತು. ಈಗ ಅವನನ್ನು ಹೆಸರಿನಿಂದ ಕರೆಯುವಂತಿಲ್ಲ, ‘ಮರಿ ಅಪ್ಪಗೋಳು’ ಅನ್ನಬೇಕು. ಮೊದಲೇ ಹೆಸರಿಗೆ ಹೊರಳದ ಮಗು, ಈಗ ಹೊರಳಲು ಹೆಸರೇ ಇಲ್ಲ. ಉಣ್ಣಿಸುವ ಮುಂಚೆ ನಾನೂ ಅವನ ಪಾದ ಮುಟ್ಟಬೇಕು. ಸೋಮವಾರ ಬಂತೆಂದರೆ ಮುದ್ದೇಬಿಹಾಳದ ಕಡೆಯಿಂದಲೂ ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ. ಮುಟ್ಟಿದರೆ ಮೈಗೆ ಕೆಂಡ ಬಿದ್ದವನಂತೆ ಆಗುವ ಹುಡುಗನ ಪಾದವನ್ನು ನೂರು ಕೈ ಮುಟ್ಟುತ್ತವೆ. ಚೀರುತ್ತಾನೆ, ಗೋಡೆಗೆ ತಲೆ ಜಜ್ಜಿಕೊಳ್ಳುತ್ತಾನೆ. ಅದನ್ನು ಲೀಲೆ ಅನ್ನುತ್ತಾರೆ. ಒಣ ರೊಟ್ಟಿ ಬಿಟ್ಟು ಬೇರೇನೂ ಬಾಯಿಗೆ ಹಾಕುವುದಿಲ್ಲ. ಅದು ವ್ರತವಂತೆ. ಒಮ್ಮೆ ಮನೆಯವರೇ ನನಗೆ, “ನನಗೂ ಅನಸತೈತಿ ಶಂಕ್ರಾ, ಅವ ನಮ್ಮನ್ನ ನೋಡೂದ ಇಲ್ಲ. ಆದ್ರ ಇನ್ನ ಹಿಂದ ಹ್ಯಾಂಗ ಸರಿಯೂದು?” ಅಂದರು. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡಿದ್ದೇವೆ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಸುಳ್ಳೆಂದು ಹೇಳಿದರೆ ದೇವರು ಅಂದವರೇ ನಾಳೆ ದೆವ್ವ ಅನ್ನುತ್ತಾರೆ. ನನ್ನನ್ನು ಸಿಂದಗಿಗೆ ಅಟ್ಟಿದರೆ ಅಪ್ಪನಿಲ್ಲದ ಮನೆಯಲ್ಲಿ ಅತ್ತಿಗೆ ಎಷ್ಟು ದಿನ ನೀರು ಕೊಟ್ಟಾಳು? ಅವನನ್ನಂತೂ ನನ್ನ ಜೊತೆ ಕಳಿಸುವುದೇ ಇಲ್ಲ.

ಒಂದೇ ಒಂದು ಜಾಗ ನನಗೆ ಉಳಿದಿದೆ, ಅದು ಬಚ್ಚಲು. ಬೇರೆ ಯಾರು ಮೈ ತೊಳೆಯಲು ಹೋದರೂ ಕಚ್ಚುತ್ತಾನೆ, ಆದ್ದರಿಂದ ಆ ಕೆಲಸ ನನ್ನದು. ಅಲ್ಲಿ ಬಾಗಿಲು ಹಾಕಿಕೊಂಡು ಅವನನ್ನು ಶ್ರೀಶೈಲ ಅನ್ನುತ್ತೇನೆ. ಹೋದ ವರ್ಷ ಒಂದು ದಿನ ತಂಬಿಗೆಯಿಂದ ಅವನ ಬೆನ್ನಿಗೆ ನೀರು ಸುರಿಯುತ್ತಿದ್ದೆ. ನೀರೆಂದರೆ ಅವನಿಗೆ ಪ್ರಾಣ. ಕೈ ನೋವೆಂದು ತಂಬಿಗೆ ಎತ್ತಿ ಹಿಡಿದು ಹಾಗೇ ನಿಂತೆ. ಅವನು ಕಾದ. ನೀರು ಬರಲಿಲ್ಲ. ತಂಬಿಗೆ ನೋಡಿದ, ತಂಬಿಗೆ ಹಿಡಿದ ಕೈ ನೋಡಿದ, ಆಮೇಲೆ ಆ ಕೈಯ ಗುಂಟ ದೃಷ್ಟಿ ಮೇಲೆ ತಂದು ನನ್ನ ಮುಖ ನೋಡಿದ. ಕಣ್ಣಿಗೆ ಕಣ್ಣು ಸೇರಿಸಿದ ರುಕ್ಕಿ. ಹೆತ್ತ ನಾಲ್ಕು ವರ್ಷಕ್ಕೆ ನನ್ನ ಮಗ ನನ್ನನ್ನು ನೋಡಿದ. ನಾನು ಇಡೀ ಹಂಡೆ ಬರಿದು ಮಾಡಿದೆ.

ಅಂದಿನಿಂದ ದಿನಾ ಅದೇ ಆಟ. ತಂಬಿಗೆ ಎತ್ತುತ್ತೇನೆ, ನಿಲ್ಲಿಸುತ್ತೇನೆ, ಅವನು ನೋಡಿದರೆ ‘ನೀರು’ ಎಂದು ಸುರಿಯುತ್ತೇನೆ. ಹೋದ ತಿಂಗಳು ‘ನೀ’ ಅಂದ. ಮೊದಲ ಅಕ್ಷರ. ಹೊರಗೆ ಬಂದು ಹೇಳಲು ನನಗೆ ಮುಖವಿಲ್ಲ, ಯಾಕೆಂದರೆ ಅವನು ಮೌನಿ ಎಂದೇ ಮನೆಗೆ ಭಕ್ತರ ತೆಂಗಿನಕಾಯಿ ಬರುತ್ತವೆ. ವರ್ಷದ ಕೂಸಿದ್ದಾಗ ಇಮಾಮಬಿಯ ಮಾತು ಕೇಳಿದ್ದರೆ ಎಷ್ಟು ಮಾತು ಬರುತ್ತಿತ್ತೋ, ಬರುತ್ತಲೇ ಇರಲಿಲ್ಲವೋ, ನನಗೆ ಗೊತ್ತಿಲ್ಲ. ಇಡೀ ಮನೆಯೇ ಅವನಿಗೆ ಈ ಬಚ್ಚಲಿನ ಹಾಗಾಗುತ್ತಿತ್ತು, ಅದಂತೂ ಗೊತ್ತು.

ಅದಕ್ಕೇ ಹೇಳುತ್ತೇನೆ, ಗುರಪಾದನನ್ನು ಈಗಲೇ ನೋಡು. ಅಂಗೈ ನೋಡುತ್ತಾನೆಂದ ಮಾತ್ರಕ್ಕೆ ಹೆದರಬೇಡ. ಇವತ್ತು ಬೆಳಿಗ್ಗೆ ಇಮಾಮಬಿಯನ್ನು ಕೇಳಿದೆ. “ಎಲ್ಲಾ ಕೂಸೂ ಮೂರ ತಿಂಗಳಿಗೆ ತಮ್ಮ ಕೈ ತಾವ ನೋಡಕೋತ ಮಲಗತಾವ. ಆಮ್ಯಾಲೆ ಕೈ ಬಿಟ್ಟು ಮಾರಿ ಹಿಡೀತಾವ. ವರ್ಸ ಆಗಾಕ ಬಂದ್ರೂ ಕೈನ ಹಿಡಕೊಂಡು ಕೂತ್ರ ನೋಡಬೇಕಾಗತೈತಿ” ಅಂದಳು. ಬೆನ್ನ ಹಿಂದೆ ನಿಂತು ಬರೀ ದನಿಯಿಂದ ಕರೆ, ತಾಟು ಬಡಿಯಬೇಡ. ಸೆರಗಿನ ಆಟ ಆಡಿಸು. ಕಾಗೆ ತೋರಿಸು, ಅವನು ನಿನ್ನ ಬೆರಳನ್ನು ನೋಡುತ್ತಾನೋ ಕಾಗೆಯನ್ನೋ, ಆಮೇಲೆ ನಿನ್ನ ಕಡೆ ತಿರುಗುತ್ತಾನೋ ನೋಡು. ಹೊರಳಿದರೆ ನಿನ್ನ ಅಕ್ಕನಿಗೆ ಹುಚ್ಚು ಎಂದು ನಕ್ಕುಬಿಡು, ಇಮಾಮಬಿಯ ಕೈಯಲ್ಲಿ ನನಗೊಂದು ಹಸಿರು ಬಳೆ ಕಳಿಸು. ಹೊರಳದಿದ್ದರೆ ಏನೂ ಬರೆಯಬೇಡ, ಅವನ ಕೈಯ ಕರಿ ಬಳೆ ಒಂದನ್ನು ಬಿಚ್ಚಿ ಕೊಡು. ಅವಳು ಭಾನುವಾರ ತಿರುಗಿ ಬರುತ್ತಾಳೆ.

ಸೋಮವಾರ ಮಠದ ಹಿರಿಯರು ನಮ್ಮ ಮನೆಗೆ ಬರುತ್ತಾರೆ. ಶ್ರೀಶೈಲನನ್ನು ಮಠಕ್ಕೆ ಮರಿಸ್ವಾಮಿಯನ್ನಾಗಿ ಕೊಡುವ ಮಾತು ಪಕ್ಕಾ ಆಗುವುದು ಅಂದು. ಅಲ್ಲಿ ಬಚ್ಚಲಿಗೆ ಅವ್ವ ಹೋಗುವಂತಿಲ್ಲ. ನಿಮ್ಮ ಮನೆಯವರೂ ಅಂದು ಬರುತ್ತಾರಂತೆ. ಗುರಪಾದನನ್ನು ಅವರು ಶರಣನೆಂದು ನಂಬುವುದು ಶ್ರೀಶೈಲನನ್ನು ಕಂಡು. ನನ್ನ ಮಗ ಶರಣನೆಂಬ ಮಾತು ಸುಳ್ಳಾಗದೆ ನಿನ್ನ ಮಗನನ್ನು ಯಾರೂ ಡಾಕ್ಟರ ಹತ್ತಿರ ಒಯ್ಯುವುದಿಲ್ಲ. ಕರಿ ಬಳೆ ಬಂದರೆ ಅಷ್ಟೂ ಮಂದಿಯ ಮುಂದೆ ನಾನು ಬಾಯಿ ಬಿಡುತ್ತೇನೆ.

ಇಷ್ಟು ಬರೆದು ಮೊರ ಕೇರಿ ಮತ್ತೆ ಓದಿದೆ. ಕೊನೆಯ ಸಾಲು ಓದಿ ನನಗೇ ನಾಚಿಕೆಯಾಯಿತು. ನಿನ್ನ ಮಗನಿಗಾದರೆ ಬಾಯಿ ಬಿಡುತ್ತೇನಂತೆ. ನನ್ನ ಮಗನಿಗಾಗಿ ಮೂರು ವರ್ಷ ಬಾಯಿ ಮುಚ್ಚಿಕೊಂಡು ಕೂತವಳು ನಾನೇ ಅಲ್ಲವೇ? ಅವನ ಕೈಯಲ್ಲಿ ಕರಿ ಬಳೆ ಇರಲಿಲ್ಲವೇ?

ಬಳೆ ಕಳಿಸಬೇಡ ರುಕ್ಕಿ. ಹಸಿರಾದರೂ ಕರಿಯಾದರೂ ಅದು ನಿನ್ನಲ್ಲೇ ಇರಲಿ. ಸೋಮವಾರ ನಾನು ಹೇಳುತ್ತೇನೆ. ‘ಇವ ನನ್ನ ಮಗ. ಇವನ ಅಂಗೈಯಾಗ ಏನೂ ಇಲ್ಲ. ಆ ಮಾತು ನಾ ಹುಟ್ಟಿಸಿದ್ದು’ ಎನ್ನುವ ಮೂರು ಮಾತು. ಅಷ್ಟು ಮಂದಿಯನ್ನು ಕಂಡು ದನಿ ಹೊರಡದಿದ್ದರೆ, ಎಲ್ಲರೂ ನೋಡುತ್ತಿರುವಾಗ ಪಾದ ಮುಟ್ಟದೆ ಹೋಗಿ ಅವನನ್ನು ಗದ್ದಿಗೆಯಿಂದ ಎತ್ತಿ ಸೊಂಟದ ಮೇಲೆ ಕೂಡಿಸಿಕೊಳ್ಳುತ್ತೇನೆ. ನಿನ್ನನ್ನು ಹೊತ್ತ ಸೊಂಟ, ಅವನನ್ನೂ ಹೊರುತ್ತದೆ. ಆಮೇಲೆ ಏನಾಗುತ್ತದೋ ಹೇಳಲಾರೆ. ಹೆದರಿಕೆಯಂತೂ ಇದೆ.

ಅತ್ತೆ ಕರೆಯುತ್ತಿದ್ದಾರೆ. ಗುರಪಾದನನ್ನು ಬೆನ್ನ ಹಿಂದಿನಿಂದ ನನ್ನ ಪರವಾಗಿ ಒಮ್ಮೆ ಕರೆ. ಅವನು ಹೊರಳಿ ನೋಡಲಿ ಎಂದು ಈ ದೊಡ್ಡವ್ವ ಹರಸುತ್ತಾಳೆ. ನೋಡದಿದ್ದರೆ, ಅವನು ನೋಡುವವರೆಗೆ ಕರೆಯುವ ತ್ರಾಣ ನಿನಗಿರಲಿ.

ನಿನ್ನ ಅಕ್ಕ,
ಶ್ರೀಶೈಲನ ಅವ್ವ,
ಶಂಕ್ರೆವ್ವ