ಎರಡನೇ ಬೋಗಿಯ ತುಕ್ಕು

೧೧-೧೧-೨೦೨೫, ಮಂಗಳವಾರ

ನನ್ನ ಪುಟ್ಟ ಮಾದರಿ ರೈಲಿಗೆ ಯಾರೋ ಕೈ ಹಾಕಿದ್ದಾರೆ. ನಿನ್ನೆ ಹಳೇ ರೈಲಿನಂತೆ ಕಾಣಲೆಂದು ಒಂದೇ ಬೋಗಿಗೆ ತುಕ್ಕಿನ ಬಣ್ಣ ಹಚ್ಚಿ ಮಲಗಿದ್ದೆ; ಬೆಳಿಗ್ಗೆ ನೋಡಿದರೆ ಎರಡು ಬೋಗಿಗಳಿಗಿತ್ತು. ಎರಡನೆಯದರಲ್ಲಿ ಮಳೆನೀರು ಇಳಿದ ಗೆರೆಯೂ ಇದೆ. ನನ್ನದಕ್ಕಿಂತ ನಿಜ. ಹೊಟ್ಟೆ ಉರಿಯಿತು.

ಹೆಂಡತಿ ಕುಸುಮಳನ್ನು ಕೇಳಿದೆ. "ನಂಗೆ ಬಾಣಲಿ ತುಕ್ಕು ತಿಕ್ಕೋದೇ ಸಾಕಾಗ್ಯದೆ ಕಣ್ರಿ."

ಉಳಿದವರು ಅಪ್ಪ. ನಲವತ್ತು ವರ್ಷ ರೇಷ್ಮೆ ನೂಲಿಗೆ ಬಣ್ಣ ಹಾಕಿದವರು. ರೈಲೇ ಬಾರದ ಕೊಳ್ಳೇಗಾಲದಲ್ಲಿ ನಾನು ರೈಲು ಮಾಡಲು ಕೂತಾಗಿನಿಂದ ನನ್ನೊಡನೆ ಸರಿಯಾಗಿ ಮಾತಿಲ್ಲ.

"ಒಸಾ ರೈಲ್ಗೆ ತುಕ್ಕು ಬಳಿಯೋನು ನೀನೊಬ್ನೇ ಕಣ್ಲಾ. ನಂಗ್ಯಾಕೆ ಆ ಗಾಚಾರ?" ಎಂದು ಕಂದು ಬಣ್ಣ ಮೆತ್ತಿದ ಬೆರಳನ್ನು ಪಂಚೆಯಲ್ಲಿ ಅಡಗಿಸಿದರು.

ಮಾತಲ್ಲಿ ತಾತ್ಸಾರ, ಉಗುರಲ್ಲಿ ಸಮಾಚಾರ.

ಮೂರನೇ ಬೋಗಿಯನ್ನು ಮುಟ್ಟದೆ ಬಿಟ್ಟಿದ್ದೇನೆ. ಬ್ರಷ್ ತೊಳೆದು ಪಕ್ಕದಲ್ಲಿಟ್ಟೆ. ಅವರ ಕನ್ನಡಕವನ್ನೂ.