ಅಜ್ಜನ ಕತ್ತರಿಯ ಮೊಕದ್ದಮೆ

ಅಂಗಡಿಯ ಹಿಂದಿನ ಕೋಣೆ, ಇಸ್ತ್ರಿ ಮೇಜಿನ ಮೇಲೆ
ಗುರುವಾರ, ಅಪ್ಪ ಊಟ ಮಾಡಿ ತೂಕಡಿಸುವ ಹೊತ್ತು

ನನ್ನ ಪ್ರೀತಿಯ ಅಜ್ಜೀ,

ಮೊಣಕಾಲು ಹೇಗಿದೆ? ಅತ್ತೆಯ ಮನೆಯ ಮೆಟ್ಟಿಲು ಹತ್ತಿ ಇಳಿದು ಇನ್ನಷ್ಟು ಕೆಡಿಸಿಕೊಂಡಿಲ್ಲ ತಾನೇ? ಮಾತ್ರೆ ನುಂಗುತ್ತಿದ್ದೀಯೋ, ಇಲ್ಲಿ ಮಾಡುತ್ತಿದ್ದ ಹಾಗೆ ಯಾರೂ ನೋಡದಾಗ ಹೂಕುಂಡಕ್ಕೆ ಹಾಕುತ್ತಿದ್ದೀಯೋ? ನೀನು ಹೋದಾಗಿನಿಂದ ಕಿಟಕಿಯ ಹತ್ತಿರದ ಗಿಡ ಬಾಡಿದೆ. ಔಷಧಿ ಇದ್ದಕ್ಕಿದ್ದಂತೆ ನಿಂತು ಅದಕ್ಕೆ ಮೊಣಕಾಲು ನೋವು ಶುರುವಾಗಿರಬೇಕು.

ಫೋನಿರುವಾಗ ಇವಳಿಗೇನು ಕಾಗದದ ಹುಚ್ಚು ಅನ್ನಬೇಡ. ಅತ್ತೆ ಫೋನನ್ನು ಸ್ಪೀಕರಿಗೆ ಹಾಕಿ, "ಹೇಳೇ, ಎಲ್ಲರೂ ಕೇಳಿಸ್ಕೊಳ್ತಿದ್ದೀವಿ" ಅಂತಾಳೆ. ನಾನು ಹೇಳಬೇಕಾದದ್ದು ಘನ ನ್ಯಾಯಾಲಯಕ್ಕೆ ಸಂಬಂಧಪಟ್ಟದ್ದು, ಎಲ್ಲರೂ ಕೇಳಿಸಿಕೊಳ್ಳುವಂಥದ್ದಲ್ಲ. ಆದ್ದರಿಂದ ಬರವಣಿಗೆಯಲ್ಲಿ ತಮ್ಮ ಸನ್ನಿಧಿಗೆ ಸಲ್ಲಿಸುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಎಲ್ಲ ಸರಿಹೋಗಿದೆ, ಎಲ್ಲರೂ ಹೊಟ್ಟೆತುಂಬ ತಿನ್ನುತ್ತಿದ್ದಾರೆ, ಬಿ.ಪಿ. ಏರಿಸಿಕೊಳ್ಳಬೇಡ. ಆದರೆ ನಡುವೆ ಒಂದಷ್ಟು ದಿನ ಅಂಗಡಿಯ ಮಧ್ಯಕ್ಕೆ ಹಲಗೆಯ ಗೋಡೆ ಬಂದು, ನಿನ್ನ ಇಬ್ಬರು ಮಕ್ಕಳು ಎರಡು ಬಾಗಿಲಿನವರಾಗಿಬಿಡುತ್ತಾರೆ ಅಂತಲೇ ನಾವೆಲ್ಲ ಅಂದುಕೊಂಡಿದ್ದೆವು.

ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಕಡತ ಪೂರ್ತಿ ಇರಬೇಕಲ್ಲ. ಗೋದಾಮಿನ ಮಾಲೀಕ ತನ್ನ ಗೋದಾಮಿನಲ್ಲೇ ಕೊಲೆಯಾದ. ಪೊಲೀಸರು ಅವನ ಡ್ರೈವರನ್ನು ಹಿಡಿದರು. ಸತ್ತವನ ಮುಷ್ಟಿಯಲ್ಲಿ ಕೋಟಿನ ಗುಂಡಿಯೊಂದು ಸಿಕ್ಕಿತ್ತು, ಡ್ರೈವರನ ಕೋಟಿನಲ್ಲಿ ಒಂದು ಗುಂಡಿ ಇರಲಿಲ್ಲ. ಅಷ್ಟಕ್ಕೇ ಊರು ಎರಡು ಹೋಳಾಯಿತು. ಬಸ್ಸಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಪಕ್ಕದ ಕ್ಷೌರದಂಗಡಿಯಲ್ಲಿ ಎಲ್ಲೆಲ್ಲೂ ಅದೇ ಗುಂಡಿ. ಪೇಪರಿನಲ್ಲಿ ಅದರ ಚಿತ್ರ ಬಂತಲ್ಲ, ಬಟಾಣಿಯಷ್ಟು, ಅದೂ ಮಸಿ ಹರಡಿದ್ದು? ಅಪ್ಪ ಅದನ್ನು ಭೂತಗನ್ನಡಿ ಹಿಡಿದು ನೋಡಿ, "ಇದು ಎಳೆದು ಕಿತ್ತ ಗುಂಡಿ. ಬುಡದಲ್ಲಿ ಬಟ್ಟೆ ಹರಿದು ಬಂದಿದೆ. ಅವನೇ ಕೊಂದಿದ್ದು, ಮಾತು ಮುಗೀತು" ಅಂದ. ಚಿಕ್ಕಪ್ಪ ಭೂತಗನ್ನಡಿ ಕಿತ್ತುಕೊಂಡು, "ಅಣ್ಣಾ, ಇದು ಮಿಷನ್ನಲ್ಲಿ ಹಾಕಿದ ಗುಂಡಿ. ನೂಲಿನ ತುದಿ ಬಿಚ್ಚಿಕೊಂಡ್ರೆ ತಾನಾಗೇ ಉದುರುತ್ತೆ. ನಿನ್ನ ಕೋಟಿಂದಲೂ ಉದುರುತ್ತೆ, ನಿನ್ನನ್ನೂ ಒಳಗೆ ಹಾಕ್ತಾರಾ?" ಅಂದ. ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತು. ಅಜ್ಜ ಹಾಕಿಕೊಟ್ಟ ಗೆರೆ: ಅಪ್ಪ ಕತ್ತರಿಸಬೇಕು, ಚಿಕ್ಕಪ್ಪ ಹೊಲಿಯಬೇಕು, ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕಬಾರದು. ಹಾಗಾಗಿ ಅಪ್ಪನಿಗೆ ಜಗತ್ತೆಲ್ಲ ಬಟ್ಟೆ, ಚಿಕ್ಕಪ್ಪನಿಗೆ ಜಗತ್ತೆಲ್ಲ ನೂಲು.

ತೀರ್ಪು ಬಂದ ಸಂಜೆ ನೀನೂ ಸ್ಟೂಲಿನ ಮೇಲೆ ಕೂತಿದ್ದೆ. ಸಾಕ್ಷ್ಯ ಸಾಲದು, ಡ್ರೈವರನ್ನು ಬಿಟ್ಟಿದ್ದಾರೆ ಅಂತ ಸುದ್ದಿ. ಟಿ.ವಿ.ಯಲ್ಲಿ ಆರು ತಲೆಗಳು ಒಂದೊಂದು ಚೌಕದಲ್ಲಿ ಕೂತು ಕಿರುಚುತ್ತಿದ್ದವು. ಕ್ಷೌರದಂಗಡಿಯ ಮಾಮ ಅರ್ಧ ಗಡ್ಡ ತೆಗೆದ ಗಿರಾಕಿಯನ್ನು ಕರೆದುಕೊಂಡೇ ಓಡಿಬಂದಿದ್ದ, ಆ ಮನುಷ್ಯ ನೊರೆ ಮೆತ್ತಿದ ಮುಖದಲ್ಲೇ "ಅನ್ಯಾಯ! ಅನ್ಯಾಯ!" ಅನ್ನುತ್ತಿದ್ದ. ಚಿಕ್ಕಪ್ಪ ಎಲ್ಲರಿಗೂ ಬಿಸ್ಕತ್ತು ಹಂಚಿದ. "ಒಬ್ಬ ಮನುಷ್ಯ ಸತ್ತಿದ್ದಾನೆ, ನೀನು ಬಿಸ್ಕತ್ತು ಹಂಚ್ತೀಯೇನೋ?" ಅಂತ ಅಪ್ಪ. "ಸತ್ತಿದ್ದಕ್ಕಲ್ಲ ಅಣ್ಣಾ, ಇನ್ನೊಬ್ಬ ಸುಮ್ಮಸುಮ್ಮನೆ ಸಾಯದೇ ಉಳಿದಿದ್ದಕ್ಕೆ" ಅಂತ ಚಿಕ್ಕಪ್ಪ. ಆಮೇಲೆ ಗುಂಡಿಯಿಂದ ಕಾಲರಿಗೆ, ಕಾಲರಿನಿಂದ ಎಂದೋ ಕೆಟ್ಟ ಯಾರದೋ ಜೇಬಿಗೆ, ಜೇಬಿನಿಂದ ಅಜ್ಜ ಯಾರನ್ನು ಹೆಚ್ಚು ಇಷ್ಟಪಡುತ್ತಿದ್ದ ಅನ್ನುವಲ್ಲಿಗೆ ಮಾತು ಹೋಯಿತು. ಅಮ್ಮ ಒಬ್ಬಳೇ, "ಸತ್ತವನ ಮನೇಲಿ ಇವತ್ತು ಒಲೆ ಹಚ್ಚಿದ್ರೋ ಇಲ್ವೋ, ಯಾರಾದರೂ ಯೋಚನೆ ಮಾಡಿದ್ರಾ?" ಅಂದಳು. ಒಂದು ಕ್ಷಣ ಎಲ್ಲರೂ ತಲೆ ತಗ್ಗಿಸಿದರು, ಮತ್ತೆ ಕಾಲರಿನಿಂದ ಶುರುಮಾಡಿದರು. ನೀನು ಮಾತ್ರ ಟಿ.ವಿ.ಯನ್ನೇ ನೋಡುತ್ತ ಕೂತಿದ್ದೆ. ನಿನ್ನ ಕೈಯಲ್ಲಿದ್ದ ಟೀ ಕೆನೆ ಕಟ್ಟಿತ್ತು.

ಮಾರನೆಯ ಬೆಳಿಗ್ಗೆ ಟಿ.ವಿ. ಸತ್ತಿತ್ತು, ಬರೀ ನೀಲಿ ಪರದೆ. ಅಪ್ಪ ಕೇಬಲ್ಲಿನವನಿಗೆ ಫೋನಿನಲ್ಲೇ ಬೈದ, ಅವನು ಲೈನು ಸರಿಯಿದೆ ಅಂತ ಅಷ್ಟೇ ಜೋರಾಗಿ ಬೈದ. ನೀನು ಮೊಣಕಾಲಿಗೆ ವಿಶ್ರಾಂತಿ ಬೇಕು ಅಂತ ತಿಂಡಿಯನ್ನೂ ತಿನ್ನದೆ ಅತ್ತೆಯ ಮನೆಗೆ ಹೊರಟುಬಿಟ್ಟೆ. ನೀನು ಮೂಲೆ ತಿರುಗುವಷ್ಟರಲ್ಲಿ ಅಪ್ಪ ಡ್ರಾಯರ್ ತೆಗೆದ. ಒಳಗೆ ಅಜ್ಜನ ಕತ್ತರಿ, ಕಾಗದಕ್ಕೂ ಮುಟ್ಟಿಸಬಾರದೆಂದು ಅಪ್ಪ ಮಗುವಿನ ಹಾಗೆ ಮಲಗಿಸುವ ಕತ್ತರಿ, ಬಾಯಿ ಮುಕ್ಕಾಗಿ ಬಿದ್ದಿತ್ತು. ಅಪ್ಪ ಅದನ್ನು ಅಂಗೈಯಲ್ಲಿ ಹಿಡಿದು, ಮುಕ್ಕನ್ನು ಹೆಬ್ಬೆರಳಿನಿಂದ ಸವರುತ್ತ ಕೂತ ಅಜ್ಜೀ.

ಸಾಕ್ಷ್ಯಗಳು ಇಂತಿದ್ದವು. ಡ್ರಾಯರಿನ ಪಕ್ಕ ಚಿಕ್ಕಪ್ಪನ ಕನ್ನಡಕ. ಕತ್ತರಿಯ ತಿರುಪಿನ ಸಂದಿಯಲ್ಲಿ ಸಿಕ್ಕಿಕೊಂಡ ಒಂದು ಕರಿ ಎಳೆ. ಚಿಕ್ಕಪ್ಪನ ಮಿಷನ್ನಿನಲ್ಲಿ ಅಂದು ಏರಿಸಿದ್ದೂ ಕರಿ ನೂಲು. ಹಿಂದಿನ ಸಂಜೆಯ ಜಗಳ ಊರಿಗೇ ಕೇಳಿಸಿತ್ತು. ಅಪ್ಪ, "ಹೊಟ್ಟೆಕಿಚ್ಚಿಗೆ ನಮ್ಮಪ್ಪನ ಕತ್ತರೀನೇ ಕೊಂದ" ಅಂದುಬಿಟ್ಟ. ಚಿಕ್ಕಪ್ಪನ ಮುಖ ಹೇಗಾಯಿತು ಅನ್ನುತ್ತೀ, ಹಿಂದಿನ ದಿನ ಟಿ.ವಿ.ಯಲ್ಲಿ ನೋಡಿದ ಡ್ರೈವರನ ಮುಖವೇ. "ಕರಿ ನೂಲು ಊರಲ್ಲೆಲ್ಲ ಇರುತ್ತೆ ಅಣ್ಣಾ" ಅಂತ ಮೆಲ್ಲಗೆ ಹೇಳಿದ. ಆಮೇಲೆ ಅದೇ ಉಸಿರಿನಲ್ಲಿ, "ಆ ಕ್ಷೌರದಂಗಡಿಯವನೇ ತಗೊಂಡಿರ್ತಾನೆ, ಅವನ ಮುಖ ನೋಡಿದ್ರೇನೇ ಗೊತ್ತಾಗುತ್ತೆ" ಅಂದ! ಡ್ರೈವರನ ಪರ ಅಷ್ಟು ದಿನ ವಾದ ಮಾಡಿದ ಮಹಾನುಭಾವ ಇವನೇ.

ಅಲ್ಲಿಗೆ ಮಾತು ನಿಂತಿತು. ಅಪ್ಪ ಬೇರೆ ಕತ್ತರಿ ತಂದು ಬೇಕುಬೇಕಾದ್ದನ್ನೆಲ್ಲ ಕತ್ತರಿಸಿ ರಾಶಿ ಹಾಕಿದ, ಚಿಕ್ಕಪ್ಪ ಅದರಲ್ಲಿ ಒಂದನ್ನೂ ಮುಟ್ಟದೆ ಖಾಲಿ ಮಿಷನ್ ತುಳಿಯುತ್ತ ಕೂತ. ಕಾನೂನು ಕಾಲೇಜಿನ ಹುಡುಗರ ಕಪ್ಪು ಕೋಟುಗಳೆಲ್ಲ ಬೆನ್ನು ಒಂದು ಕಡೆ, ತೋಳು ಒಂದು ಕಡೆ ಬಿದ್ದಿದ್ದವು. ಒಂದು ಕೋಟು ಕೇಳಲು ಬಂದ ಹುಡುಗನಿಗೆ ಅಮ್ಮ, "ಎದೆ ಭಾಗ ಆಗಿದೆಯಪ್ಪ, ಸದ್ಯಕ್ಕೆ ಬೆನ್ನು ತೋರಿಸದೆ ಎದುರಿಗಿದ್ದವರ ಜೊತೆಗಷ್ಟೇ ವಾದ ಮಾಡು" ಅಂದು ಕಳಿಸಿದಳು. ನಗು ಬಂತು, ಆದರೆ ಆ ದಿನವೇ ಅಪ್ಪ ಬಡಗಿಯನ್ನು ಕರೆಸಿದ. ಬಡಗಿ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು ಬಂದು, ಕಟಿಂಗ್ ಮೇಜಿಗೂ ಮಿಷನ್ನಿಗೂ ನಡುವೆ ನೆಲದ ಮೇಲೆ ಗೆರೆ ಎಳೆದ. ಚಿಕ್ಕಪ್ಪ ಆ ಗೆರೆಯನ್ನು ನೋಡಿ, ಗೋಡೆಯ ಮೇಲಿನ ತನ್ನ ಅಳತೆ ಟೇಪನ್ನು ತೆಗೆದು ಚೀಲಕ್ಕೆ ಹಾಕಿಕೊಂಡ.

ಇನ್ನು ತಡಮಾಡಿದರೆ ಆಗದು ಅಂತ ನಾನು ನ್ಯಾಯಾಲಯ ತೆರೆದೆ. ಕಾನೂನು ಕಾಲೇಜಿನ ಒಂದು ಅರ್ಧಂಬರ್ಧ ಕೋಟನ್ನು ಪಿನ್ನು ಚುಚ್ಚಿ ನಾನೇ ಜೋಡಿಸಿಕೊಂಡೆ, ತೊಟ್ಟೆ, ಕಟಿಂಗ್ ಮೇಜಿನ ಮೇಲೆ ಹತ್ತಿ ಕೂತೆ, ಇಸ್ತ್ರಿಪೆಟ್ಟಿಗೆಯ ಮರದ ಹಿಡಿಯಿಂದ ಕುಟ್ಟಿದೆ. "ಎಲ್ಲರೂ ಎದ್ದು ನಿಲ್ಲತಕ್ಕದ್ದು!" ಬಡಗಿ ಎದ್ದು ನಿಂತ, ಪಾಪ. ಕ್ಷೌರದಂಗಡಿಯ ಮಾಮ ಬಾಗಿಲಲ್ಲೇ ನಿಂತಿದ್ದ. ಅಪ್ಪ "ಇಳಿಯೇ ಕೆಳಗೆ" ಅಂದ. ನ್ಯಾಯಾಲಯದ ನಿಂದನೆಗೆ ಎಚ್ಚರಿಕೆ ಕೊಟ್ಟು ಮುಂದುವರಿದೆ. ಮೊದಲ ಸಾಕ್ಷ್ಯವಾಗಿ ಆ ಕರಿ ಎಳೆಯನ್ನು ಬಿಳಿ ಬಟ್ಟೆಯ ಮೇಲೆ ಇಟ್ಟು ಎಲ್ಲರಿಗೂ ತೋರಿಸಿದೆ. ಅಪ್ಪ, "ಹತ್ತಿ ನೂಲು, ಇವನದ್ದೇ" ಅಂದ. ಚಿಕ್ಕಪ್ಪ ಬಗ್ಗಿ ನೋಡಿ, "ನಾನು ಹಾಕೋದು ಹತ್ತಿ. ಇದು ಪಾಲಿಯೆಸ್ಟರ್, ಹೊಳಪು ಕಾಣಲ್ವಾ?" ಅಂದ. ಬಡಗಿ, ಮರದ ನಾರಿರಬಹುದು ಅಂದ. ಕ್ಷೌರದ ಮಾಮ ತಾನಾಗಿಯೇ ಮುಂದೆ ಬಂದು, "ನನ್ನ ಕೇಳಿದ್ರೆ ಇದು ಕೂದಲು, ಬಣ್ಣ ಹಾಕಿದ್ದು" ಅಂದ. ನಾನು ತಕ್ಷಣ ಕುಟ್ಟಿದೆ: "ಕೂದಲಾದರೆ ಯಾರ ಅಂಗಡಿಯದು? ಕತ್ತರಿಯ ಆಸೆ ಯಾರಿಗಿದೆ? ತೀರ್ಪಿನ ಸಂಜೆ ಈ ಅಂಗಡಿಗೆ ಓಡಿಬಂದವರು ಯಾರು?" ಮಾಮ ಎರಡು ಹೆಜ್ಜೆ ಹಿಂದೆ ಸರಿದ. "ಅಯ್ಯೋ, ನಾನು ಸುಮ್ಮನೆ ನೋಡೋಕೆ ಬಂದವನಮ್ಮಾ!" ಅಷ್ಟರಲ್ಲಿ ಅಪ್ಪ ಚಿಕ್ಕಪ್ಪನ ಕಡೆ ತಿರುಗಿ, ಎಷ್ಟೋ ದಿನಗಳ ನಂತರ ಮೊದಲ ಸಲ ಮಾತಾಡಿದ: "ಏನೋ, ಇವನೇ ಇರಬಹುದಾ?" ಚಿಕ್ಕಪ್ಪ ಗಲ್ಲ ಕೆರೆದುಕೊಂಡು, "ಇರಬಹುದು ಅಣ್ಣಾ" ಅಂದ. ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಿರಾಕಿಗಳ ಗಡ್ಡ ಬಿಟ್ಟು ಬೇರೇನೂ ಕದ್ದಿಲ್ಲದ ಆ ಮನುಷ್ಯನನ್ನು ಎರಡು ನಿಮಿಷದಲ್ಲಿ ನೇಣಿಗೆ ಕಳಿಸಿದೆವಲ್ಲ ಅಂತ ಇಬ್ಬರಿಗೂ ಅನ್ನಿಸಿರಬೇಕು. ಅಪ್ಪನ ಕಿವಿ ಕೆಂಪಾಯಿತು.

ಆದರೆ ಗೆದ್ದದ್ದು ಕೋಟು. ಅದನ್ನು ಪಿನ್ನು ಚುಚ್ಚುವಾಗ ಎಡತೋಳನ್ನು ಬಲಕ್ಕೆ, ಬಲತೋಳನ್ನು ಎಡಕ್ಕೆ ಹಾಕಿದ್ದೆ. ಬೇಕಂತಲೇ. ಕೈ ಎತ್ತಿ ತೀರ್ಪು ಓದಲು ಹೊರಟಾಗ ಕೋಟಿನ ಮೊಣಕೈ ಹಿಂದಕ್ಕೆ ಉಬ್ಬುವ ಬದಲು ಮುಂದಕ್ಕೆ ಉಬ್ಬಿತು, ಭುಜ ಕುದುರೆಯ ಜೀನಿನ ಹಾಗೆ ಎದ್ದಿತು. ಅಪ್ಪ ಕಣ್ಣು ಮುಚ್ಚಿಕೊಂಡ. ತಡೆದುಕೊಳ್ಳಲಾಗದೆ ಎದ್ದುಬಂದು ಭುಜದ ಪಿನ್ನು ಕಿತ್ತ. "ಥೂ, ಯಾರಿಗೆ ಹುಟ್ಟಿದ ತೋಳು ಇದು?" ಆ ಕಡೆಯಿಂದ ಚಿಕ್ಕಪ್ಪ ಬಂದು ಇನ್ನೊಂದು ತೋಳನ್ನು ಎಳೆದುಕೊಂಡ. ನಾನು ನ್ಯಾಯಮೂರ್ತಿ ಮೇಜಿನ ಮೇಲೆ ಎರಡೂ ಕೈ ಚಾಚಿ ನಿಂತಿದ್ದೇನೆ, ಫಿರ್ಯಾದಿ ಒಂದು ಕಡೆ, ಆರೋಪಿ ಇನ್ನೊಂದು ಕಡೆ. "ಭುಜ ಅರ್ಧ ಬೆರಳು ಒಳಗೆ ತಗೋ." "ಅಷ್ಟು ಬೇಡ ಅಣ್ಣಾ, ತೋಳು ಸೇರಿಸುವಾಗ ನಾನೇ ಸರಿಮಾಡ್ತೀನಿ." "ಸರಿ, ನಿನ್ನಿಷ್ಟ." ಆ 'ನಿನ್ನಿಷ್ಟ' ಅನ್ನುವ ಪದವನ್ನು ಅಪ್ಪ ಚಿಕ್ಕಪ್ಪನಿಗೆ ಹೇಳಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಅಮ್ಮ ಒಳಗೆ ಹೋಗಿ ಟೀಗೆ ನೀರಿಟ್ಟಳು. ಬಡಗಿ ನೆಲದ ಗೆರೆಯನ್ನು ಅಂಗಾಲಿನಿಂದ ಒರೆಸಿದ.

ತೀರ್ಪು: ಸಾಕ್ಷ್ಯ ಸಾಲದು, ಚಿಕ್ಕಪ್ಪ ಬಿಡುಗಡೆ. ಅಪ್ಪ ಕ್ಷಮೆ ಕೇಳಲಿಲ್ಲ. ಅಜ್ಜನ ಕತ್ತರಿಯನ್ನು ಚಿಕ್ಕಪ್ಪನ ಕೈಗೆ ಕೊಟ್ಟು, "ಸಾಣೆಗೆ ನೀನೇ ತಗೊಂಡು ಹೋಗಿ ಬಾ" ಅಂದ. ಚಿಕ್ಕಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದ. ಮುಕ್ಕು ಪೂರ್ತಿ ಹೋಗಿಲ್ಲ, ಆದರೆ ಬಟ್ಟೆಯನ್ನು ಮೊದಲಿನ ಹಾಗೇ ಕತ್ತರಿಸುತ್ತದೆ. ಈಗ ಅವರಿಬ್ಬರೂ ಡ್ರೈವರನ ವಿಷಯಕ್ಕೆ ಮತ್ತೆ ಜಗಳವಾಡುತ್ತಿದ್ದಾರೆ, ಸರ್ಕಾರ ಮೇಲ್ಮನವಿಗೆ ಹೋಗುತ್ತದಂತೆ. ಅಪ್ಪ ಈಗಲೂ ಅವನೇ ಅನ್ನುತ್ತಾನೆ, ಆದರೆ ಕೊನೆಗೆ "ಅನ್ಸುತ್ತೆ" ಅಂತ ಸೇರಿಸುತ್ತಾನೆ. ಚಿಕ್ಕಪ್ಪನ ಮಿಷನ್ ಆ ಮಾತನ್ನೆಲ್ಲ ಮುಚ್ಚುವಂತೆ ಗಡಗಡ ಓಡುತ್ತದೆ. ಕೇಳಲು ಬಹಳ ಹಿತವಾಗಿದೆ.

ಅತ್ತೆಗೆ ನನ್ನ ನಮಸ್ಕಾರ ಹೇಳು, ಸ್ಪೀಕರ್ ಇಲ್ಲದೆ. ಅಮ್ಮ ನಿನ್ನ ಹಾಸಿಗೆಯ ಹೊದಿಕೆಯನ್ನು ಒಗೆದು ಬಿಸಿಲಿಗೆ ಹಾಕಿದ್ದಾಳೆ. ನಿನ್ನ ಕಾಲು ಮುಟ್ಟಿ, ನೋಯದ ಕಾಲನ್ನೇ ಹುಡುಕಿ ಮುಟ್ಟಿ, ಆಶೀರ್ವಾದ ಬೇಡುವ

ನಿನ್ನ ಮೊಮ್ಮಗಳು,
ನೀನೇ ಹೆಸರಿಟ್ಟ ಪಿನ್ನು

ತಾ.ಕ.: ಅಪ್ಪ ಏಳುತ್ತಿದ್ದಾನೆ, ಬೇಗ ಬರೆಯುತ್ತೇನೆ. ವಿಚಾರಣೆಯ ಹೊತ್ತಿನಲ್ಲಿ ಆ ಕರಿ ಎಳೆಯನ್ನು ಬೆರಳಲ್ಲಿ ಬಗ್ಗಿಸಿದೆ. ಬಗ್ಗಿಸಿದ ಹಾಗೇ ನಿಂತಿತು ಅಜ್ಜೀ. ನೂಲು ಹಾಗೆ ನಿಲ್ಲುತ್ತದಾ? ಇಬ್ಬರು ದರ್ಜಿಗಳ ಕಣ್ಣಿಗೆ ಅದು ರಬ್ಬರು ಅಂತ ಕಾಣಲೇ ಇಲ್ಲ. ಎಲ್ಲರೂ ಹೋದ ಮೇಲೆ ಟಿ.ವಿ.ಯ ಹಿಂದೆ ನೋಡಿದೆ. ಕೇಬಲ್ಲಿನ ವೈರು ಒಂದೇ ಏಟಿಗೆ ತುಂಡಾಗಿದೆ, ನುಣ್ಣಗೆ, ಅಜ್ಜನ ಕತ್ತರಿಯಿಂದ ಮಾತ್ರ ಆಗುವಂಥ ತುಂಡು. ಒಳಗೆ ತಾಮ್ರ ಇರುತ್ತೆ, ಅದಕ್ಕೇ ಬಾಯಿ ಮುಕ್ಕಾಗಿದ್ದು. ಮಕ್ಕಳು ಕಚ್ಚಾಡುವುದನ್ನು ನಿಲ್ಲಿಸಲು ಮಾಡಿದ್ದು ಅಂತ ನ್ಯಾಯಾಲಯಕ್ಕೆ ಮನವರಿಕೆಯಾಗಿದೆ. ನೀನು ಪ್ರತಿ ಸಲ ಫೋನಿನಲ್ಲಿ "ಇನ್ನೊಂದು ವಾರ" ಅನ್ನುವುದು ಮೊಣಕಾಲಿಗಲ್ಲ ಅಂತಲೂ, ಚಿಕ್ಕಪ್ಪನ ಕನ್ನಡಕ ಡ್ರಾಯರಿನ ಪಕ್ಕಕ್ಕೆ ಬಂದದ್ದು ವೈರು ಹುಡುಕಲು ನೀನು ಹಾಕಿಕೊಂಡಿದ್ದರಿಂದ ಅಂತಲೂ. ಆರೋಪಿ ಭಾನುವಾರದೊಳಗೆ ಮನೆಗೆ ಬಂದು ತನ್ನ ಸ್ಟೂಲಿನ ಮೇಲೆ ಕೂರತಕ್ಕದ್ದು, ಬೇರೆ ಶಿಕ್ಷೆ ಇಲ್ಲ. ಯಾರಿಗೂ ಹೇಳಿಲ್ಲ, ವೈರನ್ನು ಜೋಡಿಸಿಯೂ ಇಲ್ಲ, ನೀನು ಹೇಳಿದರೆ ಜೋಡಿಸುತ್ತೇನೆ. ಆ ಎಳೆಯನ್ನು ಈ ಲಕೋಟೆಯಲ್ಲೇ ಹಾಕಿದ್ದೇನೆ, ನೋಡಿ ಎಸೆದುಬಿಡು. ಅತ್ತೆ ಇದೇನು ಅಂತ ಕೇಳಿದರೆ ನೂಲು ಅನ್ನು. ಅವಳೂ ಈ ಮನೆಯ ಮಗಳೇ ತಾನೇ, ನಂಬುತ್ತಾಳೆ.